ಏರಿಗೆ ಕೊಟ್ಟ ಅಂಕ

ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿಬರುವವರಿಗೆಲ್ಲ ಉಣಕಲ್ ಕೆರೆ ಪರಿಚಿತವಾದದ್ದು. ಹಿಂದೆ ಕೆಂಪು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆವು. ಈಗ ಚಿಗರಿಯ ಗಾಜಿನ ಹಿಂದೆ ಕುಳಿತು ನೋಡುತ್ತೇವೆ. ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಾಗ ಮಾತು ನಿಲ್ಲಿಸಿ ಅತ್ತ ತಿರುಗದವರು ವಿರಳ. ಆದರೆ ಎಲ್ಲರ ಕಣ್ಣೂ ಹೋಗುವುದು ನೀರಿನ ಕಡೆಗೆ. ಆ ನೀರನ್ನು ಹಿಡಿದು ನಿಲ್ಲಿಸಿರುವ ಮಣ್ಣಿನ ಏರಿಯನ್ನು ನೋಡುವವರು ಯಾರೂ ಇಲ್ಲ. ನಾನೂ ಬಹಳ ವರುಷ ನೋಡಿರಲಿಲ್ಲ.

ನೋಡುವಂತೆ ಮಾಡಿದವನು ನನ್ನ ಒಬ್ಬ ವಿದ್ಯಾರ್ಥಿ. ತರಗತಿಯಲ್ಲಿ ಶಾಸನಗಳ ಪಾಠ ನಡೆದಿತ್ತು. ಕೆರೆಗೆ ಭೂಮಿ ಬಿಟ್ಟುಕೊಟ್ಟ ದಾನಶಾಸನವೊಂದನ್ನು ವಿವರಿಸುತ್ತಿದ್ದೆ. ಅವನು ಎದ್ದು ನಿಂತು, “ಸರ, ನಮ್ಮ ಮನೀ ಉಣಕಲ್ ನಾಲಾದ ದಂಡೀಮ್ಯಾಲ ಅದ. ಮ್ಯಾಲಿನ ಏರಿಗೆ ಯಾರರ ಮಾರ್ಕ್ಸ್ ಕೊಡತಾರೇನ್ರಿ?” ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಉಳಿಯಲಿಲ್ಲ. ಅಂಕ ಕೊಡುವುದೇ ಹೊಟ್ಟೆಪಾಡಾಗಿರುವ ನನಗೆ, ಮಣ್ಣಿನ ಗೋಡೆಗೂ ಅಂಕ ಕೊಡುವ ಪದ್ಧತಿ ಉಂಟೆ, ಉಂಟಾದರೆ ಅದನ್ನು ಕೊಟ್ಟವರು ಯಾರು, ಯಾವಾಗಿನಿಂದ ಕೊಡುತ್ತ ಬಂದರು ಎಂಬ ಕುತೂಹಲ ಹತ್ತಿತು. ಹುಡುಕಿದಾಗ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ ಕೆರೆಯ ಅಂಗಾಂಗಗಳ ಹೆಸರು. ಪಟ್ಟಣದಲ್ಲಿ ಬೆಳೆದ ಮಕ್ಕಳಿಗೆ ಇವು ನಿಘಂಟಿನ ಶಬ್ದಗಳಾಗಿಬಿಟ್ಟಿವೆ. ನೀರಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ದಿಬ್ಬವೇ ಏರಿ. ಗದ್ದೆಗೆ ಬೇಕಾದಷ್ಟು ನೀರನ್ನು ಬಿಡುವ ಕಂಡಿ ತೂಬು. ಹೆಚ್ಚಾದ ನೀರು ಹರಿದುಹೋಗಲು ಬಿಟ್ಟ ದಾರಿ ಕೋಡಿ. “ಕೆರೆ ಕೋಡಿ ಬಿತ್ತು” ಎಂದರೆ ನಮ್ಮ ಹಳ್ಳಿಗಳಲ್ಲಿ ಹಬ್ಬ. ಏಕೆಂದರೆ ಕೋಡಿ ಹರಿಯುವ ತನಕ ಏರಿಗೆ ಭಯವಿಲ್ಲ. ಕೋಡಿ ಕಟ್ಟಿಕೊಂಡು ನೀರು ಏರಿಯ ನೆತ್ತಿಯ ಮೇಲೆ ಹತ್ತಿತೋ, ಆ ಕೆರೆಯ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಕಲ್ಲಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನೀರು ಹರಿದರೂ ಅದು ತಡೆದೀತು; ಮಣ್ಣು ತಡೆಯಲಾರದು. ಹರಿಯುವ ನೀರು ಹಿಂಬದಿಯ ಇಳಿಜಾರನ್ನು ಕೊರೆಯುತ್ತ ಕೊರೆಯುತ್ತ ಕೆಲವೇ ಗಳಿಗೆಗಳಲ್ಲಿ ಏರಿಯನ್ನು ಸೀಳಿಬಿಡುತ್ತದೆ.

ಇದು ಎಲ್ಲರಿಗೂ ಕಾಣುವ ಸಾವು. ಕಾಣದ ಸಾವು ಇನ್ನೊಂದುಂಟು. ಏರಿಯ ಒಳಗೆ ನೀರು ಸಣ್ಣಗೆ ಜಿನುಗುತ್ತಲೇ ಇರುತ್ತದೆ. ಜಿನುಗಿದ ನೀರು ತಿಳಿಯಾಗಿರುವ ತನಕ ಅಷ್ಟು ಚಿಂತೆಯಿಲ್ಲ. ಅದು ಕದಡಿಕೊಂಡು ಬರತೊಡಗಿತೆಂದರೆ ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದು ಅರ್ಥ. ಇಲಿ ಏಡಿಗಳ ಬಿಲ, ಗೆದ್ದಲ ಗೂಡು, ಸತ್ತ ಮರದ ಬೇರು ಕೊಳೆತು ಉಳಿದ ಪೊಳ್ಳು, ಇವೆಲ್ಲ ಆ ಕಳ್ಳನಿಗೆ ದಾರಿ ತೋರಿಸುತ್ತವೆ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಇದರ ಜೊತೆಗೆ ಬೇಸಿಗೆಯ ಬಿರುಕು. ವೈಶಾಖದ ಬಿಸಿಲಿಗೆ ಕೈ ಹೋಗುವಷ್ಟು ಬಾಯಿಬಿಟ್ಟ ಕರಿಮಣ್ಣು ಮೊದಲ ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೊರಗೆ ಮುಚ್ಚಿದ ಬಿರುಕು ಒಳಗೂ ಮುಚ್ಚಿದೆಯೆಂದು ಹೇಳುವಂತಿಲ್ಲ. ಮೂರನೆಯ ಬಗೆಯ ಸಾವೆಂದರೆ, ನೆನೆದು ಭಾರವಾದ ಇಳಿಜಾರು ತಾನಾಗಿಯೇ ಜಾರಿ ಕುಸಿಯುವುದು.

ಈ ವಿದ್ಯೆಯೆಲ್ಲ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಏರಿ ಒಡೆದದ್ದನ್ನು ಅಳತೆ ಹಾಕಿ ಬರೆದಿಟ್ಟ ನಮ್ಮ ದೇಶದ ಹಳೆಯ ದಾಖಲೆ ಗುಜರಾತದ ಗಿರಿನಾರದ ಬಂಡೆಯ ಮೇಲಿದೆ. ಮಹಾಕ್ಷತ್ರಪ ರುದ್ರದಾಮನ ಕಾಲದ್ದು. ಅಪಘಾತ ನಡೆದದ್ದು ಶಕವರ್ಷ ೭೨ರಲ್ಲಿ, ಅಂದರೆ ಕ್ರಿ.ಶ. ೧೫೦ರ ಹೊತ್ತಿಗೆ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಪುಷ್ಯಗುಪ್ತನು ಕಟ್ಟಿಸಿ, ಅಶೋಕನ ಕಾಲದಲ್ಲಿ ತುಷಾಸ್ಫನು ಕಾಲುವೆಗಳಿಂದ ಅಲಂಕರಿಸಿದ ಸುದರ್ಶನ ಸರೋವರವು ಒಂದು ಭೀಕರ ಬಿರುಗಾಳಿ ಮಳೆಯಲ್ಲಿ ಒಡೆಯಿತು. ಒಡಕಿನ ಉದ್ದ ೪೨೦ ಮೊಳ, ಅಗಲ ಅಷ್ಟೆ, ಆಳ ೭೫ ಮೊಳ ಎಂದು ಶಾಸನ ಲೆಕ್ಕ ಹೇಳುತ್ತದೆ. ಇಷ್ಟು ದೊಡ್ಡ ಒಡಕನ್ನು ಕಟ್ಟುವುದು ಆಗದ ಮಾತೆಂದು ಮಂತ್ರಿಗಳು ಕೈಚೆಲ್ಲಿದರು. ಜನರು ಹಾಹಾಕಾರ ಮಾಡಿದರು. ಆಗ ರಾಜನು ಪ್ರಜೆಗಳ ಮೇಲೆ ಹೊಸ ತೆರಿಗೆ ಹೇರದೆ ತನ್ನ ಬೊಕ್ಕಸದಿಂದಲೇ ಹಣ ಕೊಟ್ಟು, ಸುವಿಶಾಖನೆಂಬ ಅಧಿಕಾರಿಯ ಮೂಲಕ ಮೊದಲಿಗಿಂತ ಬಲವಾಗಿ ಕಟ್ಟಿಸಿದನು. ಮೂರು ಶತಮಾನಗಳ ಮೇಲೆ, ಸ್ಕಂದಗುಪ್ತನ ಕಾಲದಲ್ಲಿ, ಅದು ಮತ್ತೆ ಒಡೆಯಿತು. ಒಮ್ಮೆ ಗಟ್ಟಿ ಮಾಡಿದರೆ ಸದಾಕಾಲಕ್ಕೂ ಗಟ್ಟಿ ಎಂಬ ಏರಿ ಲೋಕದಲ್ಲಿಲ್ಲ ಎನ್ನುವುದಕ್ಕೆ ಆ ಒಂದು ಬಂಡೆಯೇ ಸಾಕ್ಷಿ.

ಅಂಕ ಕೊಡುವ ಪದ್ಧತಿಗೆ ಇನ್ನೂ ಹತ್ತಿರ ಬರುವುದು ಆಂಧ್ರದ ಕಡಪ ಸೀಮೆಯ ಪೊರುಮಾಮಿಳ್ಳದ ಶಾಸನ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ, ಅವನಿಗೆ ಭವದೂರನೆಂದೂ ಹೆಸರು, ೧೩೬೯ರಲ್ಲಿ ಹಾಕಿಸಿದ್ದು. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬೇಡವಾದ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಧರ್ಮವಂತನಾದ ಅರಸು, ಜಲಶಾಸ್ತ್ರ ಬಲ್ಲ ಪಂಡಿತ, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಎರಡು ಗುಡ್ಡಗಳ ನಡುವೆ ಅತಿ ಉದ್ದವಲ್ಲದ ಭದ್ರವಾದ ಕಟ್ಟೆ, ಹತ್ತಿರದಲ್ಲಿ ಕಲ್ಲಿನ ಗಣಿ, ಕೆಲಸ ಬಲ್ಲ ಆಳುಗಳು ಮುಂತಾದವು ಅಂಗಗಳು. ದೋಷಗಳಲ್ಲಿ ಮೊದಲನೆಯದು ಯಾವುದೆಂದು ಓದುಗರು ಊಹಿಸಬಲ್ಲರೆ? ಕಟ್ಟೆಯಿಂದ ನೀರು ಜಿನುಗುವುದು! ಉಳಿದವು ಸವುಳು ಮಣ್ಣು, ಎರಡು ರಾಜ್ಯಗಳ ಗಡಿಯ ಮೇಲೆ ಕೆರೆ ಇರುವುದು, ಕೆರೆಯ ನಡುವೆ ಉಬ್ಬಿದ ನೆಲ, ನೀರು ಕಡಿಮೆಯಾಗಿ ಭೂಮಿ ಹೆಚ್ಚಾಗಿರುವುದು, ಭೂಮಿ ಕಡಿಮೆಯಾಗಿ ನೀರು ಹೆಚ್ಚಾಗಿರುವುದು. ದಿನಕ್ಕೆ ಸಾವಿರ ಆಳು, ಕಲ್ಲು ಹೇರಲು ನೂರು ಬಂಡಿ, ಎರಡು ವರುಷದ ಕೆಲಸ ಎಂದೂ ಅದರಲ್ಲಿ ಬರೆದಿದೆ. ಆರೂವರೆ ಶತಮಾನದ ಹಿಂದೆಯೇ ಹನ್ನೆರಡು ಪ್ರಶ್ನೆಗಳ ಪತ್ರಿಕೆಯನ್ನೂ, ಅಂಕ ಕಳೆಯುವ ಆರು ಕಾರಣಗಳನ್ನೂ ಕಲ್ಲಿನ ಮೇಲೆ ಬರೆದಿಟ್ಟಿದ್ದರು.

ನಮ್ಮ ಕನ್ನಡ ಶಾಸನಗಳು ಇಷ್ಟು ಶಾಸ್ತ್ರ ಹೇಳುವುದಿಲ್ಲ. ಅವು ಹೇಳುವುದು ವ್ಯವಸ್ಥೆಯನ್ನು. ನನ್ನ ಮಟ್ಟಿಗೆ ಅದು ಶಾಸ್ತ್ರಕ್ಕಿಂತ ಮುಖ್ಯ. ‘ಬಿತ್ತುವಟ್ಟ’, ‘ದಸವಂದ’, ‘ಕಟ್ಟುಕೊಡಗೆ’ ಎಂಬ ಶಬ್ದಗಳು ಸಾಲುಸಾಲಾಗಿ ಬರುತ್ತವೆ. ಪರೀಕ್ಷೆಗೆ ಓದುವ ಹುಡುಗರು ಇವನ್ನು ಪಾರಿಭಾಷಿಕ ಪದಗಳೆಂದು ಬಾಯಿಪಾಠ ಮಾಡುತ್ತಾರೆ. ಇವುಗಳ ಹುರುಳು ಇಷ್ಟೆ: ಕೆರೆಯನ್ನು ಕಟ್ಟಿದವನಿಗೂ, ಕಟ್ಟಿದ ಮೇಲೆ ಅದನ್ನು ಕಾಯ್ದುಕೊಂಡು ಬಂದವನಿಗೂ ಆ ಕೆರೆಯ ನೀರಿನಿಂದ ಬೆಳೆದ ಭೂಮಿಯಲ್ಲಿಯೇ ಪಾಲು. ವಿಜಯನಗರದ ಕಾಲದಲ್ಲಿ ಹೂಳೆತ್ತುವ ಬಂಡಿಯ ಖರ್ಚಿಗೆಂದೇ ಭೂಮಿ ಬಿಟ್ಟ ಉದಾಹರಣೆಗಳುಂಟು. ಏರಿ ಗಟ್ಟಿಯಾಗಿದ್ದರೆ ಕಾಯುವವನ ಹೊಲ ಬೆಳೆಯುತ್ತದೆ. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದೂ ಅವನ ಹೊಲವೇ. ಇದಕ್ಕಿಂತ ನಿಷ್ಠುರನಾದ ಪರೀಕ್ಷಕ ಬೇರೆ ಬೇಕೆ? ಇದನ್ನು ಅಳಿಪಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂಬ ಶಾಪ ಕೊನೆಯಲ್ಲಿ ಇದ್ದೇ ಇರುತ್ತದೆ. ಆದರೆ ನಮ್ಮ ಹಿರಿಯರು ಶಾಪವೊಂದನ್ನೇ ನಂಬಿ ಕುಳಿತವರಲ್ಲ.

ಹಾಗೆಂದು ಅವರ ಕೆರೆಗಳು ಒಡೆಯಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಹಾವೇರಿ ಜಿಲ್ಲೆಯ ಮಾಸೂರಿನ ಹತ್ತಿರ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದವರು ಕಟ್ಟಿದ ಮದಗದ ಕೆರೆ ಎಂದೋ ಒಡೆದುಹೋಗಿ, ಇಂದು ನಾವು ಕಾಣುವುದು ಅದರ ಉಳಿಕೆಯನ್ನು ಮಾತ್ರ. ಮದಗದ ಕೆರೆಗೆ ಮಳೆ ಬಂದ ಜನಪದ ಹಾಡನ್ನು ಕೇಳದ ಕನ್ನಡಿಗರಿಲ್ಲ. ಕುಣಿತದ ಮಟ್ಟಿಗೆ ಮರುಳಾಗಿ ನಾವು ಅದರ ಅರ್ಥವನ್ನು ಮರೆತಿದ್ದೇವೆ. ಅದು ಮಳೆಯ ಸಂತೋಷದ ಹಾಡಲ್ಲ; ಕೆರೆ ಒಡೆದೀತೆಂಬ ಗಾಬರಿಯ ಹಾಡು. ಸಾವಿರಗಟ್ಟಲೆ ಒಡ್ಡರನ್ನು ಕರೆಸಿ, ಗುದ್ದಲಿ ತರಿಸಿ, ಮಣ್ಣು ಹಾಕಿಸುವ ಮಾತು ಅದರಲ್ಲಿದೆ. ಕೆರೆಗೆ ಸೊಸೆಯನ್ನು ಬಲಿಕೊಟ್ಟ ಭಾಗೀರಥಿಯ ಕಥೆಯನ್ನೂ ಇದೇ ಭಯದ ಬೆಳಕಿನಲ್ಲಿ ಓದಬೇಕೆಂದು ನನಗೆ ತೋರುತ್ತದೆ. ನೀರು ನಿಲ್ಲದ ಕೆರೆ, ನಿಂತ ನೀರನ್ನು ತಡೆಯದ ಏರಿ, ಇವೆರಡೂ ಊರಿನ ಪಾಲಿಗೆ ಜೀವದ ಪ್ರಶ್ನೆಗಳಾಗಿದ್ದವು. ಆ ಪ್ರಶ್ನೆಗೆ ಮನೆಯ ಸೊಸೆ ತನ್ನ ಜೀವವನ್ನೇ ತೆತ್ತಳು ಎನ್ನುವಾಗ, ನಿರ್ಲಕ್ಷ್ಯದ ಬೆಲೆಯನ್ನು ತೆರುವವರು ಯಾವಾಗಲೂ ದುರ್ಬಲರೇ ಎಂಬ ಸತ್ಯವನ್ನೂ ಆ ಕಥೆ ಹೇಳಿಬಿಡುತ್ತದೆ.

ಹೊಸ ಕಾಲದ ಕಡೆಗೆ ಬರೋಣ. ಅಮೇರಿಕೆಯ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟು ಇದ್ದಿತು. ಶ್ರೀಮಂತರ ಒಂದು ಮೀನುಗಾರಿಕೆಯ ಕ್ಲಬ್ಬು ಅದನ್ನು ವಿಹಾರದ ಸರೋವರವನ್ನಾಗಿ ಮಾಡಿಕೊಂಡಿತು. ಸಾರೋಟುಗಳು ಓಡಾಡಲು ಅನುಕೂಲವಾಗಲೆಂದು ಏರಿಯ ನೆತ್ತಿಯನ್ನು ತಗ್ಗಿಸಿದರು. ಮೀನು ತಪ್ಪಿಸಿಕೊಂಡು ಹೋಗದಿರಲೆಂದು ಕೋಡಿಗೆ ಜಾಲರಿ ಹಾಕಿದರು. ತಳದ ಕೊಳವೆಗಳನ್ನು ಮೊದಲೇ ಯಾರೋ ಕಿತ್ತು ಮಾರಿದ್ದರು; ಅವನ್ನು ಮತ್ತೆ ಹಾಕಿಸಲಿಲ್ಲ. ೧೮೮೯ರ ಮೇ ೩೧ರಂದು ದೊಡ್ಡ ಮಳೆ ಬಂದಿತು. ಕಸಕಡ್ಡಿ ಜಾಲರಿಗೆ ಸಿಕ್ಕಿ ಕೋಡಿ ಕಟ್ಟಿತು. ನೀರು ಏರಿಯ ಮೇಲೆ ಹತ್ತಿತು. ಕೆಳಗಿನ ಜಾನ್ಸ್‌ಟೌನ್ ಊರು ಕೊಚ್ಚಿಹೋಯಿತು. ಸತ್ತವರು ೨,೨೦೯ ಜನ. ಮೇಲೆ ದೋಣಿವಿಹಾರ ಮಾಡಿದವರು ಬೇರೆ, ಕೆಳಗೆ ಸತ್ತವರು ಬೇರೆ.

ನಮ್ಮ ಪುಣೆ-ಬೆಂಗಳೂರು ರಸ್ತೆಯ ಆ ತುದಿಯಲ್ಲಿ, ೧೯೬೧ರ ಜುಲೈ ೧೨ರಂದು, ಇನ್ನೂ ಪೂರ್ತಿ ಮುಗಿಯದಿದ್ದ ಪಾನಶೇತದ ಮಣ್ಣಿನ ಅಣೆಕಟ್ಟು ಒಡೆದು, ಅದರ ಹೊಡೆತಕ್ಕೆ ಕೆಳಗಿನ ಖಡಕವಾಸಲೆಯ ಕಟ್ಟೆಯೂ ಬಿದ್ದು ಪುಣೆ ಮುಳುಗಿತು. ರಾತ್ರಿಯೆಲ್ಲ ಸೈನಿಕರು ಮರಳಿನ ಚೀಲ ಒಟ್ಟಿ ಏರಿಯನ್ನು ಹಿಡಿದದ್ದರಿಂದ ಅದು ಬೆಳಕು ಹರಿದ ಮೇಲೆ ಒಡೆಯಿತು. ಎಷ್ಟೋ ಜೀವ ಉಳಿದವು. ೨೦೧೯ರ ಜುಲೈ ಮೊದಲ ವಾರದಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣದೊಂದು ಮಣ್ಣಿನ ಅಣೆಕಟ್ಟು ರಾತ್ರಿಯ ಹೊತ್ತಿನಲ್ಲಿಯೇ ಒಡೆಯಿತು. ಅಲ್ಲಿ ಚೀಲ ಒಟ್ಟುವವರಿರಲಿಲ್ಲ. ಏರಿ ಸೋರುತ್ತಿದೆಯೆಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಆಮೇಲೆ ತಪ್ಪನ್ನು ಏಡಿಗಳ ಮೇಲೆ ಹೊರಿಸಿದ ಮಾತು ಬಂದು, ದೇಶವೆಲ್ಲ ನಕ್ಕಿತು. ನಗುವ ಮಾತೇನೋ ಹೌದು. ಆದರೆ ಏಡಿ ಬಿಲ ತೋಡುವುದು ಸುಳ್ಳಲ್ಲ. ಬಿಲವನ್ನು ನೋಡಿ ಮುಚ್ಚುವ ಕೈ ಇರಲಿಲ್ಲವೆನ್ನುವುದೇ ನಿಜವಾದ ಅಪರಾಧ. ಅದೇ ವರುಷದ ಆಗಸ್ಟಿನಲ್ಲಿ ನಮ್ಮ ನೆರೆಯ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯ ಜಲಾಶಯ ಒಡೆದು ಕೆಳಗಿನ ಹೊಲಗದ್ದೆಗಳ ಮೇಲೆ ಹರಿಯಿತು. ಅದೇ ಮಳೆಯಲ್ಲಿ ಉಣಕಲ್ ಕೆರೆ ಕೋಡಿ ಬಿದ್ದು ನಾಲೆಯ ದಂಡೆಯ ಮನೆಗಳಿಗೆ ನೀರು ನುಗ್ಗಿತು.

ಈಗ ಅಂಕದ ಮಾತು. ಇಂದು ಅಣೆಕಟ್ಟುಗಳಿಗೆ ದರ್ಜೆ ಕೊಡುವ ಕ್ರಮ ಇದೆ, ಅದೂ ಒಂದಲ್ಲ, ಎರಡು. ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳ ಗೊಂದಲವಾಗುತ್ತದೆ. ಮೊದಲನೆಯದು ಕಟ್ಟೆಯ ದೇಹಸ್ಥಿತಿಯನ್ನು ಹೇಳುವುದು. ನಮ್ಮ ದೇಶದ ಪದ್ಧತಿಯಂತೆ, ಪೂರ್ತಿ ಒಡೆಯುವಷ್ಟು ದೊಡ್ಡ ಕೊರತೆ ಕಂಡರೆ ಒಂದನೆಯ ವರ್ಗ. ಬೇಗನೆ ದುರಸ್ತಿ ಮಾಡಬೇಕಾದ ದೊಡ್ಡ ಕೊರತೆಯಿದ್ದರೆ ಎರಡನೆಯ ವರ್ಗ. ಸಣ್ಣಪುಟ್ಟ ಕೊರತೆ ಅಥವಾ ಏನೂ ಕೊರತೆಯಿಲ್ಲದಿದ್ದರೆ ಮೂರನೆಯ ವರ್ಗ. ಇಲ್ಲಿ ಒಂದನೆಯ ವರ್ಗವೆಂದರೆ ಪ್ರಥಮ ದರ್ಜೆಯಲ್ಲ, ಅಧಮ! ಎರಡನೆಯ ಅಳತೆಯು ಕಟ್ಟೆಯ ವಿಷಯವನ್ನೇ ಹೇಳುವುದಿಲ್ಲ. ಅದು ಒಡೆದರೆ ಕೆಳಗೆ ಆಗುವ ಹಾನಿಯೆಷ್ಟು ಎಂಬುದನ್ನು ನಾಲ್ಕು ಮೆಟ್ಟಿಲುಗಳಲ್ಲಿ ಹೇಳುತ್ತದೆ. ಕೆಳಗೆ ಬರಿಯ ಹುಲ್ಲುಗಾವಲಿದ್ದರೆ ಅತ್ಯಂತ ದುರ್ಬಲವಾದ ಏರಿಗೂ ಕಡಿಮೆ ಅಪಾಯದ ದರ್ಜೆ ಬಂದೀತು. ಕೆಳಗೆ ಪಟ್ಟಣವಿದ್ದರೆ ವಜ್ರದಂಥ ಏರಿಗೂ ಮೇಲಿನ ದರ್ಜೆಯೇ.

ಈ ಎರಡನೆಯ ಅಳತೆಯನ್ನು ತಿಳಿದುಕೊಂಡ ದಿನ ನನಗೆ ಉಣಕಲ್ ಕೆರೆ ಬೇರೆಯಾಗಿ ಕಂಡಿತು. ಉಣಕಲ್ ಹಳೆಯ ಊರು. ಅಲ್ಲಿಯ ಚಂದ್ರಮೌಳೀಶ್ವರ ಗುಡಿ ಚಾಲುಕ್ಯರ ಕಾಲದ್ದು. ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರನ್ನು ಕೊಟ್ಟದ್ದೂ ಈ ಕೆರೆಯೇ. ಆಗ ಹುಬ್ಬಳ್ಳಿ ದೂರವಿತ್ತು, ನಡುವೆ ಹೊಲಗಳಿದ್ದವು. ಆಮೇಲೆ ವಿದ್ಯಾನಗರ ಬಂದಿತು. ೧೯೬೨ರಲ್ಲಿ ಹುಬ್ಬಳ್ಳಿ-ಧಾರವಾಡಗಳು ಒಂದೇ ಮಹಾನಗರಪಾಲಿಕೆಯಾದವು. ನಗರದ ಮೇಲೆ ನಗರ ಹುಟ್ಟಿ ನಾಲೆಯ ಎರಡೂ ದಂಡೆಗೆ ಗೋಡೆಗಳು ಎದ್ದವು. ಏರಿ ಇದ್ದಲ್ಲಿಯೇ ಇದೆ. ಒಂದು ಬುಟ್ಟಿ ಮಣ್ಣು ಅತ್ತಿತ್ತ ಸರಿಯದಿದ್ದರೂ ಅದರ ಅಪಾಯದ ಮೆಟ್ಟಿಲು ಏರುತ್ತ ಹೋಗುತ್ತದೆ. ಏರಿಸಿದವರು ನಾವು.

ಧಾರವಾಡದ ಕಡೆಗೂ ಇದೇ ಮಾತು. ಕೆಲಗೇರಿ ಕೆರೆ ೧೯೧೧ರದು. ವಿಶ್ವೇಶ್ವರಯ್ಯನವರು ಕಟ್ಟಿಸಿದ್ದೆಂದು ಜನ ಹೆಮ್ಮೆಯಿಂದ ಹೇಳುತ್ತಾರೆ. ಅವರು ೧೯೦೯ರಲ್ಲಿಯೇ ಮೈಸೂರಿನ ಮುಖ್ಯ ಇಂಜಿನಿಯರರಾಗಿ ಹೋಗಿದ್ದರೆಂಬುದನ್ನು ನೆನೆದರೆ, ಅವರದೇನಿದ್ದರೂ ಮೊದಲಿನ ಯೋಜನೆಯಾಗಿರಬೇಕು. ಇರಲಿ, ದೊಡ್ಡವರ ಹೆಸರಿಟ್ಟ ಮಾತ್ರಕ್ಕೆ ಮಣ್ಣು ಗಟ್ಟಿಯಾಗುವುದಿಲ್ಲ. ಕಲಘಟಗಿಯ ಕಡೆ ಬೇಡ್ತಿಗೆ ಅಡ್ಡಲಾಗಿ ೧೯೫೫ರಲ್ಲಿ ಕಟ್ಟಿದ ನೀರಸಾಗರಕ್ಕೆ ಏಳು ದಶಕಗಳ ವಯಸ್ಸು. ನಮ್ಮ ಈ ಕೆರೆಗಳಿಗೆ ಅಂತರಗಂಗೆ ಹಬ್ಬುತ್ತದೆ, ಹೂಳು ತುಂಬುತ್ತದೆ. ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಮಳೆಯ ಹೆಚ್ಚಿನ ನೀರನ್ನು ತಡೆದು ನಿಧಾನವಾಗಿ ಬಿಡುವುದು ಕೆರೆಯ ಗುಣ. ಆ ಗುಣ ಇರುವುದು ಅದರ ಖಾಲಿ ಜಾಗದಲ್ಲಿ. ಹೂಳಿನಿಂದ ಮೇಲೆದ್ದ, ಚೆಲುವಿಗಾಗಿ ಸದಾ ಅಂಚಿನವರೆಗೆ ತುಂಬಿಟ್ಟ ಕೆರೆ ಪ್ರವಾಹವನ್ನು ತಡೆಯಲಾರದು. ಬಂದದ್ದನ್ನು ಬಂದ ಹಾಗೆ ಕೆಳಗೆ ದಾಟಿಸೀತು, ಅಷ್ಟೆ.

ಇದಕ್ಕೆ ಕಾನೂನು ಇಲ್ಲವೆ ಎಂದರೆ ಇದೆ. ೨೦೨೧ರ ಡಿಸೆಂಬರಿನಲ್ಲಿ ಅಣೆಕಟ್ಟು ಸುರಕ್ಷತಾ ಕಾಯಿದೆ ಬಂದಿತು. ಮಳೆಗಾಲದ ಮೊದಲೂ ಆಮೇಲೂ ಪರೀಕ್ಷೆ ಮಾಡಬೇಕು, ಒಡೆದರೆ ಯಾರನ್ನು ಹೇಗೆ ಎಚ್ಚರಿಸಬೇಕೆಂಬ ಯೋಜನೆ ಸಿದ್ಧವಿರಬೇಕು ಎಂದು ಅದು ವಿಧಿಸುತ್ತದೆ. ಒಳ್ಳೆಯ ಕಾಯಿದೆ. ಆದರೆ ಅದು ಅನ್ವಯಿಸುವುದು ೧೫ ಮೀಟರಿಗಿಂತ ಎತ್ತರವಾದ ಕಟ್ಟೆಗಳಿಗೆ. ೧೦ರಿಂದ ೧೫ ಮೀಟರಿನವುಗಳಿಗೆ, ಉದ್ದ, ನೀರಿನ ಸಂಗ್ರಹ ಮುಂತಾದ ಕೆಲವು ಲಕ್ಷಣಗಳಿದ್ದರೆ ಮಾತ್ರ. ನಮ್ಮ ನಾಡಿನ ಕೆರೆಗಳಲ್ಲಿ ಬಹುಪಾಲು ಈ ಜರಡಿಯಿಂದ ಕೆಳಗೆ ಬೀಳುತ್ತವೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರೆಯ ಹತ್ತೊಂಬತ್ತನೆಯ ಗೇಟು ಕಿತ್ತುಹೋದಾಗ ಬೆಳಗಾಗುವುದರೊಳಗೆ ನಾಡೆಲ್ಲ ಎಚ್ಚರಗೊಂಡಿತು. ಹಳ್ಳಿಯ ಏರಿಯೊಂದರ ಬುಡದಲ್ಲಿ ಕದಡಿದ ನೀರು ಬರತೊಡಗಿದರೆ ಯಾರಿಗೆ ಎಚ್ಚರವಾದೀತು?

ನನ್ನ ಬಾಲ್ಯದಲ್ಲಿ ನಮ್ಮೂರಿನಲ್ಲಿ ಒಬ್ಬನಿಗೆ ಆಗುತ್ತಿತ್ತು. ಕೆರೆ ಕಾಯುವ ಮುದುಕ. ದಕ್ಷಿಣದ ಕಡೆ ನೀರುಗಂಟಿ ಎನ್ನುವರಲ್ಲ, ಅಂಥವನು. ಆರಿದ್ರೆಯ ಮಳೆ ಹಿಡಿದರೆ ಕಂಬಳಿ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ರಾತ್ರಿ ಎರಡು ಸಲ ಏರಿಯ ಮೇಲೂ ಎರಡು ಸಲ ಏರಿಯ ಬುಡದಲ್ಲೂ ನಡೆಯುತ್ತಿದ್ದ. ಒಮ್ಮೆ ನಾನು ಅವನ ಹಿಂದೆ ಹೋಗಿದ್ದೆ. ಬುಡದಲ್ಲಿ ಒಂದೆಡೆ ನೀರು ಒಸರುತ್ತಿತ್ತು. ಅವನು ಬಾಗಿ ಅದನ್ನು ಬೊಗಸೆಯಲ್ಲಿ ಹಿಡಿದು, ನೀರೆಲ್ಲ ಸೋರಿಹೋಗುವ ತನಕ ಕಾದು, ಕಂದೀಲಿನ ಬೆಳಕಿಗೆ ಅಂಗೈಯನ್ನು ಒಡ್ಡಿ ನೋಡಿದ. ಅಂಗೈಯಲ್ಲಿ ಮಣ್ಣು ಉಳಿದಿರಲಿಲ್ಲ. “ಅಡ್ಡಿಯಿಲ್ಲ, ಮಲಗ ಹೋಗು” ಎಂದ. ಅವನ ಪರೀಕ್ಷೆ ಅಷ್ಟೆ. ಊರು ಅವನಿಗೆ ಸುಗ್ಗಿಯಲ್ಲಿ ಕಾಳು ಅಳೆಯುತ್ತಿತ್ತು. ಅವನು ತೀರಿಕೊಂಡ ಮೇಲೆ ಕಾಳು ಅಳೆಯುವುದು ನಿಂತಿತು, ನಡೆಯುವುದೂ ನಿಂತಿತು. ಕೆಲ ವರುಷಗಳ ಮೇಲೆ ಏರಿಯಲ್ಲಿ ಬೇವಿನ ಗಿಡಗಳೆದ್ದು ಬುಡ ತೇವವಾಗಿದ್ದನ್ನು ಕಂಡು ನಾನು ಒಂದು ಕಚೇರಿಗೆ ಬರೆದೆ. ಆ ಕೆರೆ ತಮ್ಮ ಪಟ್ಟಿಯಲ್ಲಿ ಬರುವುದಿಲ್ಲವೆಂದು ಸೌಜನ್ಯದ ಉತ್ತರ ಬಂದಿತು. ಇನ್ನೊಂದು ಕಚೇರಿಯಿಂದ ಉತ್ತರವೇ ಬರಲಿಲ್ಲ.

ಹಳೆಯದನ್ನೇ ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಕಾಳಿನ ಮೇಲೆ ದುಡಿದ ಆ ಮುದುಕನಿಗೆ ಊರು ಕೊಟ್ಟ ಮರ್ಯಾದೆ ಎಷ್ಟೆಂಬುದನ್ನೂ ನಾನು ಬಲ್ಲೆ. ಇಂಜಿನಿಯರರ ಲೆಕ್ಕವೂ ಬೇಕು, ಕಾಯಿದೆಯೂ ಬೇಕು, ದರ್ಜೆಯೂ ಬೇಕು. ಆದರೆ ದರ್ಜೆ ಎನ್ನುವುದು ನೋಡಿದ ದಿನದ ಮಾತು; ಏರಿಗೆ ಪ್ರತಿ ಮಳೆಗಾಲವೂ ಹೊಸ ಪರೀಕ್ಷೆ. ಸಣ್ಣ ಏರಿಯೆಂದು ಕೈಬಿಟ್ಟರೆ ಅದರ ಕೆಳಗಿನ ಮನೆಗಳೂ ಸಣ್ಣವೇ ಆಗಿರುತ್ತವೆ. ಒಂದೊಂದು ಕೆರೆಗೂ ಇಂಥವರು ಹೊಣೆ ಎಂದು ಹೆಸರಿಟ್ಟು, ಸಂಬಳ ಕೊಟ್ಟು, ಮಳೆಗಾಲದಲ್ಲಿ ಅದರ ಬುಡದಲ್ಲಿ ನಡೆಯುವವರನ್ನು ನೇಮಿಸುವುದು ಬಡ ಸರಕಾರಕ್ಕೂ ಆಗದ ಕೆಲಸವಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮಗಾಗಿಯೇ ಇದೆ.

ಆ ವಿದ್ಯಾರ್ಥಿಯನ್ನು ಕರೆದುಕೊಂಡು ಒಂದು ಭಾನುವಾರ ಉಣಕಲ್ಲಿಗೆ ಹೋದೆ. ಕೆರೆಯ ನಡುವೆ ವಿವೇಕಾನಂದರ ಮೂರ್ತಿಯನ್ನು ನೋಡಲು ಬಂದವರು ಬಹಳ ಜನ. ನಾವಿಬ್ಬರು ಬೆನ್ನು ತಿರುಗಿಸಿ ಕೆಳಗಿನ ಮನೆಗಳ ಕಡೆ ನೋಡುತ್ತ ನಿಂತೆವು. ಅವನು ತನ್ನ ಮನೆಯ ದಿಕ್ಕನ್ನು ಬೆರಳು ಮಾಡಿ ತೋರಿಸಿದ. “ಎಷ್ಟ ಮಾರ್ಕ್ಸ್ ಕೊಡತೀರಿ ಸರ?” ಎಂದ. ನಾನು ಕೊಡಬಲ್ಲ ಅಂಕ ಅದಲ್ಲವೆಂದೆ. ಆದರೆ ಈ ಮಳೆಗಾಲದಲ್ಲಿ ನಾಲೆಯ ನೀರು ಎಲ್ಲಿಯವರೆಗೆ ಏರಿತೆಂದು ನಿಮ್ಮ ಮನೆಯ ಗೋಡೆಯ ಮೇಲೆ ತಾರೀಖಿನೊಡನೆ ಗೆರೆ ಎಳೆದಿಡು ಎಂದು ಹೇಳಿದೆ. ಎಳೆದಿದ್ದಾನೆ. ಗೆರೆ ಸದ್ಯಕ್ಕೆ ಹೊಸ್ತಿಲಿಗಿಂತ ಒಂದು ಗೇಣು ಕೆಳಗಿದೆ.